ಕಳೆ ಮಷಿನ್ ಸದ್ದಿಗೆ ಹಾಡಿನ ಹೆಡ್‌ಫೋನ್ ಸಾಲದು: ಕಡಿಮೆ ಖರ್ಚಿನಲ್ಲಿ ಕಿವಿ ಉಳಿಸಿಕೊಳ್ಳುವುದು ಹೇಗೆ?

ಮಳೆ ಹಿಡಿತ ಬಿಡುತ್ತಿದ್ದ ಹಾಗೇ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಹೊಡೆಯುವ ಮಷಿನ್ ಸದ್ದು ಶುರುವಾಗುತ್ತದೆ. ಕೊನೆ ಕೊಯ್ಲಿಗೆ ಮುಂಚೆ ಬುಡ ಸವರದಿದ್ದರೆ ಉದುರಿದ ಅಡಿಕೆ ಹೆಕ್ಕುವುದಕ್ಕೇ ಆಗುವುದಿಲ್ಲ. ಹಿಂದೆ ನಾಲ್ಕೈದು ಜನ ಕತ್ತಿ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬರೇ ಬ್ರಷ್ ಕಟರ್ ನೇತು ಹಾಕಿಕೊಂಡು ಮುಗಿಸುತ್ತಾರೆ. ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಈ ಮಷಿನ್ ದೊಡ್ಡ ಉಪಕಾರವನ್ನೇ ಮಾಡಿದೆ.

ಆದರೆ ಅದನ್ನು ಹಿಡಿದವರ ಕಿವಿಯ ಕಥೆ ಬೇರೆ. ಕೆಲವರು ಬರಿಗಿವಿಯಲ್ಲೇ ದಿನಗಟ್ಟಲೆ ಕೆಲಸ ಮಾಡುತ್ತಾರೆ. ಕೆಲವರು ಹತ್ತಿ ತುರುಕಿಕೊಳ್ಳುತ್ತಾರೆ. ಹುಡುಗರಾದರೆ ಬ್ಲೂಟೂತ್ ಇಯರ್‌ಬಡ್ ಹಾಕಿ, ಸದ್ದು ಮುಚ್ಚುವಷ್ಟು ಜೋರಾಗಿ ಹಾಡು ಇಟ್ಟುಕೊಳ್ಳುತ್ತಾರೆ. 'ಸೌಂಡ್ ಗೊತ್ತಾಗಲ್ಲ, ಕೆಲ್ಸ ಬೇಗ ಸಾಗುತ್ತೆ' ಎನ್ನುವುದು ಇವರ ಲೆಕ್ಕ. ಮೂರರಲ್ಲಿ ಯಾವುದೂ ಕಿವಿಯನ್ನು ಕಾಯುವುದಿಲ್ಲ. ಮೂರನೆಯದಂತೂ ಕೆಲವೊಮ್ಮೆ ಬರಿಗಿವಿಗಿಂತಲೂ ಕೆಡುಕು.

ಹಾಗಿದ್ದರೆ ಏನು ಕೊಳ್ಳಬೇಕು, ಎಷ್ಟಾಗುತ್ತದೆ, ಹಾಡು ಕೇಳಲೇಬೇಕು ಎನ್ನುವವರು ಏನು ಮಾಡಬೇಕು? ಮಷಿನ್ ಇಟ್ಟುಕೊಂಡವರು, ದಿನಗೂಲಿಗೆ ಮಷಿನ್ ಹೊಡೆಯುವವರು, ಮಷಿನ್ ಮಾರುವ ಅಂಗಡಿಯವರು ಎಲ್ಲರೂ ತಿಳಿದಿರಬೇಕಾದ ವಿವರ ಇಲ್ಲಿದೆ.

ಸದ್ದು ಎಷ್ಟಾದರೆ ಅಪಾಯ?

ಸದ್ದನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಇದರ ಲೆಕ್ಕ ಕೆಜಿ, ಲೀಟರ್ ಹಾಗಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 10 ಡೆಸಿಬಲ್ ಹೆಚ್ಚಾದರೆ ಹತ್ತು ಪಟ್ಟು. ಹಾಗಾಗಿ 90ಕ್ಕೂ 100ಕ್ಕೂ 'ಹತ್ತೇ ತಾನೇ ವ್ಯತ್ಯಾಸ' ಎಂದು ಬಿಡುವ ಹಾಗಿಲ್ಲ.

ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60 ಡೆಸಿಬಲ್. ಪೆಟ್ರೋಲ್ ಬ್ರಷ್ ಕಟರ್ ಓಡಿಸುವವರ ಕಿವಿಯ ಹತ್ತಿರ ಸಾಮಾನ್ಯವಾಗಿ 95ರಿಂದ 105. ಮರ ಕೊಯ್ಯುವ ಚೈನ್ ಸಾ ಇನ್ನೂ ಜೋರು, 100ರಿಂದ 110ರವರೆಗೆ ಹೋಗುತ್ತದೆ.

ಎಷ್ಟು ಹೊತ್ತು ತಡೆಯಬಹುದು ಎನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆ ನಿಯೋಶ್ ಹೇಳುವ ಮಿತಿ ಹೀಗಿದೆ:

- 85 ಡೆಸಿಬಲ್: ದಿನಕ್ಕೆ 8 ಗಂಟೆ
- 88 ಡೆಸಿಬಲ್: 4 ಗಂಟೆ
- 91 ಡೆಸಿಬಲ್: 2 ಗಂಟೆ
- 94 ಡೆಸಿಬಲ್: 1 ಗಂಟೆ
- 97 ಡೆಸಿಬಲ್: 30 ನಿಮಿಷ
- 100 ಡೆಸಿಬಲ್: 15 ನಿಮಿಷ

ಅಂದರೆ 100 ಡೆಸಿಬಲ್ ಸದ್ದಿನ ಮಷಿನ್ ಹಿಡಿದವರಿಗೆ ಇಡೀ ದಿನದ ಪಾಲು ಕಾಲು ಗಂಟೆಗೇ ಮುಗಿದುಹೋಗುತ್ತದೆ. ಟ್ಯಾಂಕಿಗೆ ಹಾಕಿದ ಪೆಟ್ರೋಲ್ ಖಾಲಿಯಾಗುವುದಕ್ಕೂ ಮುಂಚೆ! ನಮ್ಮ ಕಡೆ ಮಷಿನ್ ಹೊಡೆಯುವವರು ದಿನಕ್ಕೆ ನಾಲ್ಕೈದು ಗಂಟೆ, ಸೀಸನ್ನಿನಲ್ಲಿ ವಾರಗಟ್ಟಲೆ ಒಂದೇ ಸಮ ಕೆಲಸ ಮಾಡುತ್ತಾರೆ.

ಅಳೆಯುವ ಮೀಟರ್ ಎಲ್ಲರ ಹತ್ತಿರ ಇರುವುದಿಲ್ಲ. ಅದಕ್ಕೊಂದು ಸುಲಭ ಪರೀಕ್ಷೆ ಉಂಟು. ಎರಡು ಮೊಳ ದೂರದಲ್ಲಿ ನಿಂತವರಿಗೆ ಕೇಳಿಸಬೇಕಾದರೆ ನೀವು ಕೂಗಬೇಕಾಗುತ್ತದೆಯೇ? ಹಾಗಿದ್ದರೆ ಅಲ್ಲಿ ಸದ್ದು 85 ದಾಟಿದೆ ಎಂದೇ ತಿಳಿಯಿರಿ. ಅಡಿಕೆ ಸುಲಿಯುವ ಯಂತ್ರದ ಶೆಡ್ಡು, ಗ್ರಿಲ್ ಅಂಗಡಿಯ ಕಟಿಂಗ್ ಮಷಿನ್, ಹಿಟ್ಟಿನ ಗಿರಣಿ, ಅಂಗಡಿ ಮುಂದಿನ ಜನರೇಟರ್, ಔಷಧಿ ಹೊಡೆಯುವ ಎಂಜಿನ್ ಪಂಪ್ ಎಲ್ಲಕ್ಕೂ ಇದೇ ಪರೀಕ್ಷೆ ಹಿಡಿಯಬಹುದು.

ಹಾಲು, ಸಾಲು, ಕಾಲು: ಮೊದಲು ತಪ್ಪುವುದು ಇಲ್ಲಿ

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರೊಳಗೆ ಕೂದಲಿನಂಥ ಸೂಕ್ಷ್ಮ ಕೋಶಗಳ ಸಾಲು. ಸದ್ದು ಬಂದಾಗ ಇವು ಅಲುಗಾಡಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗಾಳಿಗೆ ಗದ್ದೆಯ ಪೈರು ಬಾಗಿ ಮತ್ತೆ ಏಳುತ್ತದಲ್ಲ, ಹಾಗೇ. ಜೋರು ಗಾಳಿ ದಿನವೂ ಬೀಸಿದರೆ ಪೈರು ಮಲಗಿಬಿಡುತ್ತದೆ. ಪೈರನ್ನಾದರೂ ಮುಂದಿನ ವರ್ಷ ಮತ್ತೆ ನೆಡಬಹುದು. ಮನುಷ್ಯರ ಕಿವಿಯ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಮಾತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ.

ಈ ಹಾನಿ ಮೊದಲು ತಟ್ಟುವುದು ತೀಕ್ಷ್ಣ ಸದ್ದುಗಳಿಗೆ, ಅಂದರೆ 3,000ದಿಂದ 6,000 ಹರ್ಟ್ಜ್ ಸುತ್ತಮುತ್ತ. ಮಾತಿನಲ್ಲಿ ಸ, ಶ, ಕ, ತ, ಪ ಮುಂತಾದ ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವುದು ಹೆಚ್ಚಾಗಿ ಇಂಥ ತೀಕ್ಷ್ಣ ಸದ್ದುಗಳೇ. ಸ್ವರಗಳು ದಪ್ಪ ಸದ್ದಿನವು, ಅವು ಉಳಿದುಕೊಳ್ಳುತ್ತವೆ. ಹಾಗಾಗಿ ಎದುರಿಗಿದ್ದವರು ಮಾತಾಡುವುದು ಕೇಳುತ್ತದೆ, ಆದರೆ ಏನು ಹೇಳಿದರು ಎಂದು ತಿಳಿಯುವುದಿಲ್ಲ. ಹಾಲು, ಸಾಲು, ಪಾಲು, ಕಾಲು ಎಲ್ಲವೂ ಒಂದೇ ಥರ. 'ಜೋರಾಗಿ ಹೇಳು' ಎನ್ನುವ ಬದಲು 'ಸರಿಯಾಗಿ ಹೇಳು' ಎಂದು ಮನೆಯವರನ್ನು ಗದರುವುದು ಶುರುವಾದರೆ ಅದು ಮೊದಲ ಸೂಚನೆ.

ಎರಡನೇ ಸೂಚನೆ ಕಿವಿಯಲ್ಲಿ ಗುಂಯ್ ಎನ್ನುವುದು. ಕೆಲಸ ಮುಗಿಸಿ ಬಂದು ರಾತ್ರಿ ಮಲಗಿದಾಗ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗುತ್ತದೆ. ಬೆಳಿಗ್ಗೆ ಅಷ್ಟೊತ್ತಿಗೆ ಸರಿಹೋಯಿತು ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಕಿವಿ ಕೊಡುವ ಎಚ್ಚರಿಕೆ. ಪದೇ ಪದೇ ಹೀಗಾದರೆ ಒಂದು ದಿನ ಆ ಜೀರುಂಡೆ ಸುಮ್ಮನಾಗುವುದೇ ಇಲ್ಲ.

ನೋವಿಲ್ಲ, ರಕ್ತ ಬರುವುದಿಲ್ಲ, ಒಂದೇ ದಿನದಲ್ಲಿ ಆಗುವುದೂ ಅಲ್ಲ. ಅದಕ್ಕೇ ಯಾರೂ ಗಮನಿಸುವುದಿಲ್ಲ. ಇಪ್ಪತ್ತೈದಕ್ಕೆ ಮಷಿನ್ ಹಿಡಿದವರಿಗೆ ನಲವತ್ತಕ್ಕೆ ಬರುವ ಕಿವುಡನ್ನು 'ವಯಸ್ಸಾಯ್ತು' ಎಂದುಕೊಳ್ಳುವಷ್ಟು ವಯಸ್ಸೂ ಆಗಿರುವುದಿಲ್ಲ.

ಇಯರ್‌ಬಡ್ ಹಾಕಿ ಹಾಡು ಕೇಳಿದರೆ ಏನಾಗುತ್ತದೆ?

ಹೊರಗಿನ ಸದ್ದು 95 ಡೆಸಿಬಲ್ ಒಳಗೆ ಬರುತ್ತಿದೆ ಎಂದುಕೊಳ್ಳಿ. ಅದರ ನಡುವೆ ಹಾಡು ಕೇಳಬೇಕೆಂದರೆ ಹಾಡನ್ನೂ ಹೆಚ್ಚುಕಡಿಮೆ ಅಷ್ಟಕ್ಕೇ ಏರಿಸಬೇಕು. ಆಗ ಎರಡೂ ಸೇರಿ ಕಿವಿಗೆ ಬೀಳುವುದು 98. ಮಷಿನ್ ಸದ್ದು 'ಗೊತ್ತಾಗುವುದಿಲ್ಲ' ನಿಜ, ಆದರೆ ಅದು ಎಲ್ಲೂ ಹೋಗಿರುವುದಿಲ್ಲ. ಅದರ ಮೇಲೆ ಹಾಡಿನ ಹೊರೆ ಬಿದ್ದಿರುತ್ತದೆ ಅಷ್ಟೆ. ತಡೆಯಬಹುದಾದ ಹೊತ್ತು ಅರ್ಧಕ್ಕೆ ಇಳಿಯಿತು.

'ನಂದು ನಾಯ್ಸ್ ಕ್ಯಾನ್ಸಲಿಂಗ್ ಇರೋದು' ಎನ್ನುವವರೂ ಇದ್ದಾರೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ.

ಒಂದು, ಸದ್ದನ್ನು ಮುಚ್ಚಿ ತಡೆಯುವುದು. ಇದಕ್ಕೆ ನಾಯ್ಸ್ ಐಸೊಲೇಶನ್ ಎನ್ನುತ್ತಾರೆ. ಸ್ಪಂಜು, ರಬ್ಬರು, ಮೆತ್ತೆ ಕಿವಿಗೆ ಬಿಗಿಯಾಗಿ ಕೂತು ದಾರಿಯನ್ನೇ ಮುಚ್ಚುತ್ತವೆ. ಬ್ಯಾಟರಿ ಬೇಡ, ಚಾರ್ಜ್ ಬೇಡ.

ಎರಡು, ನಾಯ್ಸ್ ಕ್ಯಾನ್ಸಲೇಶನ್. ಒಳಗಿನ ಸಣ್ಣ ಮೈಕು ಹೊರಗಿನ ಸದ್ದನ್ನು ಕೇಳಿ ಅದಕ್ಕೆ ವಿರುದ್ಧ ಅಲೆ ಹುಟ್ಟಿಸಿ ತಗ್ಗಿಸುತ್ತದೆ. ಬಸ್ಸಿನ ಎಂಜಿನ್, ಫ್ಯಾನು, ವಿಮಾನದ ಒಳಗಿನಂಥ ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಲೇಡಿನ ಚೀರಾಟ, ಕಲ್ಲಿಗೆ ತಾಗಿದ ಠಣ್ ಸದ್ದು, ಎಕ್ಸಲರೇಟರ್ ಏರಿಸಿ ಇಳಿಸುವ ಗದ್ದಲದ ಮುಂದೆ ಇದರ ಆಟ ನಡೆಯುವುದಿಲ್ಲ. ಕಿವಿಗೆ ಪೆಟ್ಟು ಕೊಡುವುದು ಮುಖ್ಯವಾಗಿ ಆ ತೀಕ್ಷ್ಣ ಸದ್ದೇ. ಜೊತೆಗೆ ಹಾಡಿಗೆಂದು ಮಾಡಿದ ಬಡ್‌ಗಳ ಬಾಕ್ಸಿನ ಮೇಲೆ ಸಾಮಾನ್ಯವಾಗಿ ರಕ್ಷಣೆಯ ರೇಟಿಂಗ್ ಇರುವುದೇ ಇಲ್ಲ. ಅದನ್ನು ಕೆಲಸದ ರಕ್ಷಣೆಗೆ ಅಂತ ಪರೀಕ್ಷೆ ಮಾಡಿರುವುದಿಲ್ಲ.

ಎರಡು ಸಾವಿರ ಕೊಟ್ಟು ತಂದ ಬಡ್ ಮಾಡದ ಕೆಲಸವನ್ನು ಇಪ್ಪತ್ತು ರೂಪಾಯಿಯ ಸ್ಪಂಜು ಮಾಡುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ವಿಷಯ ಇರುವುದು ಹಾಗೆಯೇ.

ಏನೇನು ಸಿಗುತ್ತದೆ, ಎಷ್ಟಕ್ಕೆ?

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ. ಇಲ್ಲಿರುವುದು ಅಂದಾಜು ಮಾತ್ರ.

ಸ್ಪಂಜಿನ ಇಯರ್‌ಪ್ಲಗ್: ಜೊತೆಗೆ ಸುಮಾರು ₹10ರಿಂದ ₹30. ಕೆಲವಕ್ಕೆ ಎರಡನ್ನೂ ಸೇರಿಸುವ ದಾರ ಇರುತ್ತದೆ. ತೋಟದ ಕೆಲಸಕ್ಕೆ ದಾರ ಇರುವುದೇ ಒಳ್ಳೆಯದು, ಬಿದ್ದರೆ ಹುಲ್ಲಿನಲ್ಲಿ ಹುಡುಕುವುದು ತಪ್ಪುತ್ತದೆ. ಸರಿಯಾಗಿ ಹಾಕಿದರೆ ಎಲ್ಲಕ್ಕಿಂತ ಹೆಚ್ಚು ತಡೆಯುವುದು ಇದೇ. ಸರಿಯಾಗಿ ಹಾಕದಿದ್ದರೆ ಇದ್ದೂ ಇಲ್ಲದ ಹಾಗೆ. ಕೊಳೆಯಾದರೆ, ಗಟ್ಟಿಯಾದರೆ ಬಿಸಾಡಬೇಕು.

ಸಿಲಿಕಾನ್ ಅಥವಾ ರಬ್ಬರ್ ಪ್ಲಗ್: ಸುಮಾರು ₹30ರಿಂದ ₹150. ಮೂರು ಸುತ್ತಿನ ಕೊಡೆಯಂಥ ಆಕಾರ. ಸೋಪುನೀರಿನಲ್ಲಿ ತೊಳೆದು ಮತ್ತೆ ಬಳಸಬಹುದು. ಕೈ ಮಣ್ಣಾಗಿದ್ದರೂ ಬಾಲ ಹಿಡಿದು ಹಾಕಬಹುದು. ತಡೆ ಸ್ಪಂಜಿಗಿಂತ ಸ್ವಲ್ಪ ಕಡಿಮೆ.

ಇಯರ್‌ಮಫ್: ಸುಮಾರು ₹250ರಿಂದ ₹1,000. ದೊಡ್ಡ ಹೆಡ್‌ಫೋನ್ ಥರವೇ ಕಾಣುತ್ತದೆ, ಒಳಗೆ ಸ್ಪೀಕರ್ ಇಲ್ಲ, ಸ್ಪಂಜು ಮಾತ್ರ. ಹಾಕುವುದು, ತೆಗೆಯುವುದು ಸುಲಭ. ಕಲಿಯುವುದು ಏನೂ ಇಲ್ಲ. ಬಿಸಿಲಿನಲ್ಲಿ ಬೆವರುತ್ತದೆ ಎನ್ನುವುದೊಂದೇ ದೂರು.

ಹೆಲ್ಮೆಟ್, ಜಾಲರಿ, ಮಫ್ ಸೇರಿದ ಸೆಟ್: ₹1,000ಕ್ಕಿಂತ ಮೇಲೆ. ಮುಖಕ್ಕೆ ಸಿಡಿಯುವ ಕಲ್ಲು, ಕಡ್ಡಿಗೂ ತಡೆ ಸಿಗುತ್ತದೆ. ದಿನವೂ ಇದೇ ಕೆಲಸ ಮಾಡುವವರಿಗೆ ಲಾಭ. ಜಾಲರಿಯಲ್ಲಿ ಸಣ್ಣ ಕಸ ನುಗ್ಗುವುದರಿಂದ ಕನ್ನಡಕ ಬೇಕೇ ಬೇಕು.

ಬ್ಲೂಟೂತ್ ಇರುವ ಇಯರ್‌ಮಫ್: ಹಾಡೂ ಬರುತ್ತದೆ, ರಕ್ಷಣೆಯೂ ಇರುತ್ತದೆ. ಒಳ್ಳೆಯವುಗಳಲ್ಲಿ ಹಾಡಿನ ಸದ್ದು ಒಂದು ಮಿತಿ ದಾಟದ ಹಾಗೆ ಕಟ್ಟುಪಾಡು ಇರುತ್ತದೆ. ಆದರೆ ಬೆಲೆ ಸಾವಿರಗಳಲ್ಲಿ. ಎಲ್ಲರ ಕೈಗೆ ಎಟಕುವ ಮಾತಲ್ಲ.

ಹತ್ತಿ ಉಂಡೆ, ತಲೆಗೆ ಸುತ್ತಿದ ಟವೆಲ್, ಮಂಕಿ ಕ್ಯಾಪ್ ಇವ್ಯಾವುವೂ ಈ ಪಟ್ಟಿಗೆ ಬರುವುದಿಲ್ಲ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ.

ಪ್ಯಾಕೆಟ್ ಮೇಲಿನ ನಂಬರ್ ಓದುವುದು ಹೇಗೆ?

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ನಂಬರ್ ಇರುತ್ತದೆ. ಅದು ಎಷ್ಟು ಡೆಸಿಬಲ್ ತಡೆಯುತ್ತದೆ ಎನ್ನುವುದರ ಅಮೆರಿಕದ ಅಳತೆ. ಉದಾಹರಣೆಗೆ, ಎಲ್ಲ ಕಡೆ ಕಾಣುವ ಕಿತ್ತಳೆ ಬಣ್ಣದ 3ಎಂ 1100 ಸ್ಪಂಜಿನ ಪ್ಲಗ್‌ಗೆ ಎನ್‌ಆರ್‌ಆರ್ 29. ಸಾಧಾರಣ ಬೆಲೆಯ ಇಯರ್‌ಮಫ್‌ಗಳಲ್ಲಿ 20ರ ಆಸುಪಾಸು ಇರುತ್ತದೆ.

ಕೆಲವು ಪ್ಯಾಕೆಟ್ ಮೇಲೆ ಎಸ್‌ಎನ್‌ಆರ್ ಎಂದಿರುತ್ತದೆ. ಅದು ಯುರೋಪಿನ ಅಳತೆ. ಒಂದೇ ವಸ್ತುವಿಗೂ ಎಸ್‌ಎನ್‌ಆರ್ ಸಾಮಾನ್ಯವಾಗಿ ಕೆಲವು ಅಂಕ ಜಾಸ್ತಿ ಬರುತ್ತದೆ. ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಹೋಲಿಸಿ 'ಇದೇ ಬೆಸ್ಟ್' ಎಂದುಕೊಳ್ಳಬೇಡಿ.

ಎನ್‌ಆರ್‌ಆರ್ 29 ಎಂದರೆ 100ರಲ್ಲಿ 29 ಕಳೆದು 71 ಆಯಿತು ಎಂದೂ ಅಲ್ಲ. ಅದು ಪ್ರಯೋಗಾಲಯದ ನಂಬರ್. ತೋಟದಲ್ಲಿ ಬೆವರು, ಅವಸರ, ಅರೆಬರೆ ಹಾಕಿದ್ದು ಎಲ್ಲ ಸೇರಿ ತಡೆ ಕಡಿಮೆಯಾಗುತ್ತದೆ. ಅದಕ್ಕೆ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಬಳಸುವ ಒಂದು ಎಚ್ಚರಿಕೆಯ ಲೆಕ್ಕ ಇದೆ: ನಂಬರಿನಲ್ಲಿ 7 ಕಳೆಯಿರಿ, ಉಳಿದದ್ದರಲ್ಲಿ ಅರ್ಧ ಮಾಡಿ.

100 ಡೆಸಿಬಲ್ ಮಷಿನ್‌ಗೆ ಈ ಲೆಕ್ಕ ಹಾಕಿದರೆ:

- ಇಯರ್‌ಮಫ್ ಮಾತ್ರ, ಎನ್‌ಆರ್‌ಆರ್ 21: ತಡೆ 7. ಕಿವಿಗೆ ಬೀಳುವುದು 93. ಸುಮಾರು ಒಂದೂಕಾಲು ಗಂಟೆ ಕೆಲಸ ಮಾಡಬಹುದು.
- ಸ್ಪಂಜಿನ ಪ್ಲಗ್ ಮಾತ್ರ, ಎನ್‌ಆರ್‌ಆರ್ 29: ತಡೆ 11. ಕಿವಿಗೆ ಬೀಳುವುದು 89. ಸುಮಾರು ಮೂರು ಗಂಟೆ.
- ಪ್ಲಗ್ ಹಾಕಿ ಅದರ ಮೇಲೆ ಮಫ್: ಎರಡರ ತಡೆಯನ್ನು ಕೂಡಿಸುವ ಹಾಗಿಲ್ಲ, ಹೆಚ್ಚಿನದಕ್ಕೆ 5 ಸೇರಿಸಬೇಕು. ತಡೆ 16. ಕಿವಿಗೆ ಬೀಳುವುದು 84. ದಿನವಿಡೀ ಕೆಲಸ ಮಾಡಬಹುದು.

ಇದು ಕೈ ಬಿಗಿ ಹಿಡಿದು ಹಾಕಿದ ಲೆಕ್ಕ. ಚೆನ್ನಾಗಿ ಹಾಕಿಕೊಂಡವರಿಗೆ ಇದಕ್ಕಿಂತ ಹೆಚ್ಚು ರಕ್ಷಣೆ ಸಿಗುತ್ತದೆ. ಆದರೂ ದಿನಾ ಮಷಿನ್ ಹಿಡಿಯುವವರು ಎರಡನ್ನೂ ಹಾಕುವುದೇ ಸರಿ ಎಂದು ಈ ಮೂರು ಸಾಲು ಹೇಳುತ್ತವೆ. ಎರಡೂ ಸೇರಿ ಖರ್ಚು ಮೂರ್ನಾಲ್ಕು ಲೀಟರ್ ಪೆಟ್ರೋಲಿನ ಬೆಲೆ.

ಕೊಳ್ಳುವಾಗ ಪ್ಯಾಕೆಟ್ ಮೇಲೆ ಐಎಸ್ 9167, ಇಎನ್ 352 ಅಥವಾ ಆನ್ಸಿ ಎಸ್3.19 ಇವುಗಳಲ್ಲಿ ಒಂದಾದರೂ ಇದೆಯೇ ನೋಡಿ. ಮೊದಲನೆಯದು ಭಾರತದ ಮಾನದಂಡ, ಉಳಿದೆರಡು ಯುರೋಪ್ ಮತ್ತು ಅಮೆರಿಕದವು. ನಂಬರೂ ಇಲ್ಲ, ಮಾನದಂಡವೂ ಇಲ್ಲ ಎಂದರೆ ಅದು ಹೆಡ್‌ಫೋನ್ ಆಕಾರದ ಪ್ಲಾಸ್ಟಿಕ್ ಅಷ್ಟೆ.

ಹಾಕುವ ಕ್ರಮ: ಅರ್ಧ ರಕ್ಷಣೆ ಇಲ್ಲೇ ಸೋರುತ್ತದೆ

ಸ್ಪಂಜಿನ ಪ್ಲಗ್ ಹಾಕಲು ಮೊದಲು ಕೈ ತೊಳೆಯಿರಿ. ಎಲೆಗೆ ಸುಣ್ಣ ಹಚ್ಚಿದ ಬೆರಳು, ಪೆಟ್ರೋಲ್ ಮುಟ್ಟಿದ ಬೆರಳು ಬೇಡ. ಪ್ಲಗ್ಗನ್ನು ಬೆರಳ ತುದಿಯಲ್ಲಿ ಹೊಸೆದು ತೆಳ್ಳಗೆ ಬತ್ತಿಯ ಹಾಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ತಳ್ಳಿ, ಅದು ಉಬ್ಬುವವರೆಗೆ 20ರಿಂದ 30 ಸೆಕೆಂಡ್ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಬಹಳ ಜನ ತಪ್ಪುವುದು ಇಲ್ಲೇ. ಕೂಡಲೇ ಬೆರಳು ತೆಗೆದರೆ ಪ್ಲಗ್ ಹೊರಗೆ ಜಾರುತ್ತದೆ.

ಸರಿ ಕೂತಿದೆಯೇ ಎಂದು ತಿಳಿಯಲು ಒಂದು ಮಾತಾಡಿ ನೋಡಿ. ನಿಮ್ಮ ದನಿ ನಿಮಗೇ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ದಪ್ಪಗೆ ಕೇಳಬೇಕು. ಮಷಿನ್ ಓಡುತ್ತಿರುವಾಗ ಬೇರೆಯವರ ಕೈಯಲ್ಲಿ ಮಷಿನ್ ಇದ್ದರೆ, ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆಯಿರಿ. ವ್ಯತ್ಯಾಸ ಬಹಳ ಗೊತ್ತಾದರೆ ಪ್ಲಗ್ ಸರಿಯಾಗಿ ಕೂತಿಲ್ಲ.

ಮಫ್‌ನ ವಿಷಯದಲ್ಲಿ ಒಂದೇ ನಿಯಮ: ಮೆತ್ತೆ ಸುತ್ತಲೂ ಚರ್ಮಕ್ಕೇ ತಾಗಿರಬೇಕು. ಹಾಳೆ ಟೋಪಿ ಹಾಕುವವರು ಮಫ್‌ನ ಪಟ್ಟಿಯನ್ನು ಟೋಪಿಯ ಮೇಲೆ ಇಟ್ಟುಕೊಳ್ಳಬಹುದು, ಆದರೆ ಮೆತ್ತೆಯ ಅಡಿಗೆ ಟೋಪಿಯ ಅಂಚು ಬರಬಾರದು. ಟವೆಲ್ ಸುತ್ತಿ ಅದರ ಮೇಲೆ ಮಫ್ ಹಾಕಿದರೆ ಪ್ರಯೋಜನ ಇಲ್ಲ. ಕನ್ನಡಕದ ದಪ್ಪ ಕಡ್ಡಿಯೂ ಸಂದು ಮಾಡುತ್ತದೆ, ಅಂಥವರಿಗೆ ಪ್ಲಗ್ ಅನುಕೂಲ. ಮೆತ್ತೆ ಗಟ್ಟಿಯಾದರೆ, ಬಿರುಕು ಬಿಟ್ಟರೆ ಬದಲಿಸಿ. ದಿನವೂ ಬಳಸುವವರು ಆರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು.

ಕಿವಿ ಸೋರುವವರು, ಕಿವಿಯಲ್ಲಿ ಗಾಯ ಇರುವವರು ಪ್ಲಗ್ ಹಾಕಬಾರದು. ಅವರಿಗೆ ಮಫ್ ಮಾತ್ರ, ಅದೂ ಡಾಕ್ಟರಿಗೆ ತೋರಿಸಿಕೊಂಡು.

ಕೊನೆಯ ಮಾತು: ಮಷಿನ್ ಬಂದ್ ಆಗುವ ತನಕ ತೆಗೆಯಬೇಡಿ. ಫೋನ್ ಬಂತು, ಯಾರೋ ಕರೆದರು ಎಂದು ಎಂಜಿನ್ ಓಡುತ್ತಿರುವಾಗಲೇ ಮಫ್ ಕೆಳಗಿಳಿಸಿದರೆ ಆ ಐದೇ ನಿಮಿಷ ಅರ್ಧ ದಿನದ ರಕ್ಷಣೆಯನ್ನು ತಿಂದುಬಿಡುತ್ತದೆ.

ಹಾಡು ಬೇಕೇ ಬೇಕು ಎನ್ನುವವರಿಗೆ

ನಾಲ್ಕು ಗಂಟೆ ಒಬ್ಬರೇ ತೋಟದಲ್ಲಿ ಹುಲ್ಲು ಹೊಡೆಯುವುದು ಬೇಸರದ ಕೆಲಸ. ಹಾಡು, ಯಕ್ಷಗಾನ, ಕ್ರಿಕೆಟ್ ಕಾಮೆಂಟರಿ ಏನಾದರೂ ಬೇಕು ಎನ್ನುವುದು ತಪ್ಪಲ್ಲ. ಅದಕ್ಕೆ ಕಡಿಮೆ ಖರ್ಚಿನ ದಾರಿ ಇದೆ: ಈಗಾಗಲೇ ಇರುವ ಸಣ್ಣ ಇಯರ್‌ಬಡ್ ಕಿವಿಗೆ ಹಾಕಿ, ಅದರ ಮೇಲೆ ಇಯರ್‌ಮಫ್ ಹಾಕುವುದು. ಮಫ್ ಹೊರಗಿನ ಸದ್ದನ್ನು ತಗ್ಗಿಸುವುದರಿಂದ ಹಾಡನ್ನು ಜೋರು ಮಾಡುವ ಅಗತ್ಯ ಬೀಳುವುದಿಲ್ಲ.

ಇದಕ್ಕೆ ನಾಲ್ಕು ಷರತ್ತು.

ಬಡ್ ಸಣ್ಣದಿರಬೇಕು, ಮಫ್‌ನ ಒಳಗೆ ಒತ್ತದೆ ಕೂರಬೇಕು. ವೈರ್ ಇರುವುದಾದರೆ ತೆಳ್ಳಗಿನದು ಬೇಕು, ಮೆತ್ತೆಯ ಅಡಿಯಲ್ಲಿ ಸಂದು ಆಗಬಾರದು. ವೈರ್ ಅಂಗಿಯ ಒಳಗೆ ಇರಲಿ, ತಿರುಗುವ ಮಷಿನ್ ಹತ್ತಿರ ನೇತಾಡಬಾರದು.

ಬಡ್‌ನ ತುದಿಗೆ ಕಿವಿ ತುಂಬುವ ರಬ್ಬರ್ ಇರಬೇಕು. ಬಾಕ್ಸಿನಲ್ಲಿ ಮೂರು ಸೈಜ್ ಕೊಟ್ಟಿರುತ್ತಾರೆ. ಮಧ್ಯದ್ದನ್ನೇ ಎಲ್ಲರೂ ಇಟ್ಟುಕೊಳ್ಳುತ್ತಾರೆ, ಉಳಿದವು ಡಬ್ಬಿಯಲ್ಲೇ ಉಳಿಯುತ್ತವೆ. ಮೂರನ್ನೂ ಹಾಕಿ ನೋಡಿ, ಹೊರಗಿನ ಸದ್ದು ಹೆಚ್ಚು ಕಡಿಮೆಯಾಗುವುದನ್ನು ಆರಿಸಿಕೊಳ್ಳಿ. ಸ್ಪಂಜಿನ ತುದಿ ಸಿಕ್ಕಿದರೆ ಇನ್ನೂ ಒಳ್ಳೆಯದು. ರಬ್ಬರ್ ತುದಿಯೇ ಇಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಮಾದರಿ ಈ ಕೆಲಸಕ್ಕೆ ಆಗುವುದಿಲ್ಲ.

ಹಾಡಿನ ಸದ್ದನ್ನು ಮನೆಯ ಜಗಲಿಯಲ್ಲಿ, ಮಷಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಹದ ಮಾಡಿಕೊಳ್ಳಿ. ಫೋನಿನ ಪೂರ್ತಿ ಸದ್ದಿನ 60 ಪರ್ಸೆಂಟ್ ದಾಟಬಾರದು. ಆಮೇಲೆ ತೋಟದಲ್ಲಿ ಏರಿಸಬೇಡಿ. ಹಾಡು ಕೇಳಿಸುತ್ತಿಲ್ಲ ಎಂದರೆ ಏರಿಸಬೇಕಾದದ್ದು ವಾಲ್ಯೂಮ್ ಅಲ್ಲ, ಸರಿಮಾಡಬೇಕಾದದ್ದು ಮಫ್.

ಬಡ್ ಅನ್ನು ಸ್ಪಂಜಿನ ಪ್ಲಗ್‌ಗೆ ಸಮ ಎಂದು ತಿಳಿಯಬೇಡಿ. ಸ್ವಲ್ಪ ಹೊತ್ತಿನ ಕೆಲಸಕ್ಕೆ ಬಡ್ ಮತ್ತು ಮಫ್ ಸಾಕು. ಇಡೀ ದಿನದ ಕೆಲಸಕ್ಕೆ, ಚೈನ್ ಸಾ ಹಿಡಿಯುವಾಗ ಪ್ಲಗ್ ಮತ್ತು ಮಫ್ ಇರಲಿ, ಹಾಡು ಊಟದ ಹೊತ್ತಿಗಿರಲಿ.

ಕಿವಿ ಮುಚ್ಚಿಕೊಂಡರೆ ಕರೆದದ್ದು ಕೇಳುವುದಿಲ್ಲವಲ್ಲ?

ಇದು ನ್ಯಾಯವಾದ ಪ್ರಶ್ನೆ. ನಿಜ ಹೇಳಬೇಕೆಂದರೆ ಬರಿಗಿವಿಯಲ್ಲೂ ಮಷಿನ್ ಸದ್ದಿನ ನಡುವೆ ಕರೆದದ್ದು ಕೇಳುವುದಿಲ್ಲ. ಹಾಗಾಗಿ ಕಿವಿಯನ್ನು ನಂಬಿ ಕೆಲಸ ಮಾಡುವ ಕ್ರಮವನ್ನೇ ಬಿಡಬೇಕು.

ಬ್ರಷ್ ಕಟರ್ ಓಡುವಾಗ 15 ಮೀಟರ್, ಅಂದರೆ ಸುಮಾರು 50 ಅಡಿ ಒಳಗೆ ಬೇರೆ ಯಾರೂ ಇರಬಾರದು ಎಂದು ಮಷಿನ್ ಜೊತೆ ಬರುವ ಪುಸ್ತಕಗಳಲ್ಲೇ ಬರೆದಿರುತ್ತದೆ. ಕಲ್ಲು ಸಿಡಿಯುವುದು ಒಂದು ಕಾರಣ, ಹಿಂದಿನಿಂದ ಬಂದವರ ಕಾಲಿಗೆ ಬ್ಲೇಡು ತಾಗುವುದು ಇನ್ನೊಂದು. ಕಾಫಿ ತಂದವರು, ಮಕ್ಕಳು ಹಿಂದಿನಿಂದ ಬಂದು ಬೆನ್ನು ಮುಟ್ಟಬಾರದು. ದೂರದಲ್ಲಿ, ಎದುರಿಗೆ ಬಂದು ಕೈ ಎತ್ತಬೇಕು. ಬಣ್ಣದ ಬಟ್ಟೆ ಬೀಸಿದರೆ ಇನ್ನೂ ಬೇಗ ಕಾಣುತ್ತದೆ. ಮಷಿನ್ ಹಿಡಿದವರು ಪ್ರತಿ ಸಾಲಿನ ತುದಿಗೆ ಒಮ್ಮೆ ತಿರುಗಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಜೇನು, ಕಣಜದ ಗೂಡು ಇದೆಯೇ ಎಂದು ಕಿವಿ ಮುಚ್ಚುವ ಮುಂಚೆಯೇ ತೋಟ ಸುತ್ತಿ ನೋಡಿಕೊಳ್ಳಬೇಕು.

ರಸ್ತೆ ಬದಿಯ ಹುಲ್ಲು ಹೊಡೆಯುವಾಗ ಹಾಡು ಬೇಡವೇ ಬೇಡ. ಕೆಲಸ ಮುಗಿಸಿ ಬೈಕ್ ಹತ್ತುವಾಗ ಪ್ಲಗ್, ಬಡ್ ಎಲ್ಲ ಜೇಬಿಗೆ ಹೋಗಲಿ.

ಮಷಿನ್ನಿನ ಸದ್ದನ್ನೇ ತಗ್ಗಿಸಬಹುದೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಸೈಲೆನ್ಸರ್ ಒಡೆದಿದ್ದರೆ, ಬೋಲ್ಟ್ ಸಡಿಲವಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಮೊಂಡಾದ, ಸೊಟ್ಟಗಾದ ಬ್ಲೇಡು ಅಲುಗಾಟವನ್ನೂ ಸದ್ದನ್ನೂ ಹೆಚ್ಚಿಸುತ್ತದೆ. ಹೊಸದು ಕೊಳ್ಳುವವರು ಬ್ಯಾಟರಿ ಮಾದರಿಯನ್ನೂ ನೋಡಬಹುದು, ಅದರ ಸದ್ದು ಪೆಟ್ರೋಲ್ ಮಷಿನ್‌ಗಿಂತ ಕಡಿಮೆ. ಬೆನ್ನಿಗೆ ಹಾಕುವ ಮಾದರಿಯಲ್ಲಿ ಎಂಜಿನ್ ಕಿವಿಗೆ ಹತ್ತಿರ ಇರುತ್ತದೆ ಎನ್ನುವುದು ನೆನಪಿರಲಿ. ಕೆಲಸವನ್ನು ಹಂಚಿಕೊಳ್ಳುವುದೂ ಒಂದು ದಾರಿ. ಇಬ್ಬರು ಸರದಿಯ ಮೇಲೆ ಹಿಡಿದರೆ ಒಬ್ಬೊಬ್ಬರ ಕಿವಿಗೆ ಬೀಳುವುದು ಅರ್ಧ.

ಕೊಡಿಸಬೇಕಾದವರು ಯಾರು?

ದೇಶದ ಕಾರ್ಖಾನೆಗಳಲ್ಲಿ 8 ಗಂಟೆಗೆ 90 ಡೆಸಿಬಲ್ ಎಂಬ ಮಿತಿ ಪಾಲನೆಯಲ್ಲಿ ಬಂದಿದೆ. ಸದ್ದಿನಿಂದ ಬರುವ ಕಿವುಡನ್ನು 1948ರ ಕಾರ್ಖಾನೆಗಳ ಕಾಯ್ದೆ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಅಡಿಕೆ ತೋಟ ಕಾರ್ಖಾನೆಯಲ್ಲ. ಅಲ್ಲಿ ಸದ್ದು ಅಳೆಯಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಇವತ್ತು ಒಂದು ತೋಟ, ನಾಳೆ ಇನ್ನೊಂದು ತೋಟ ಎಂದು ದಿನಗೂಲಿಗೆ ಹೋಗುವವರ ಕಿವಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ತೋಟದ ಯಜಮಾನರು ಮಷಿನ್‌ಗೆ ಪೆಟ್ರೋಲ್, ಆಯಿಲ್, ಬ್ಲೇಡು ತಂದಿಡುತ್ತಾರೆ. ಅದರ ಜೊತೆ ಒಂದು ಮಫ್, ನಾಲ್ಕು ಜೊತೆ ಪ್ಲಗ್ ತಂದಿಟ್ಟರೆ ದೊಡ್ಡ ಖರ್ಚೇನಲ್ಲ. ಮಫ್ ಹಂಚಿಕೊಳ್ಳಬಹುದು, ಒರೆಸಿ ಕೊಟ್ಟರೆ ಸಾಕು. ಪ್ಲಗ್ ಮಾತ್ರ ಒಬ್ಬರದ್ದು ಒಬ್ಬರಿಗೇ. 'ಕೊಟ್ರೂ ಹಾಕಲ್ಲ ಮಾರಾಯ್ರೆ' ಎನ್ನುವ ದೂರು ಇದ್ದದ್ದೇ. ಮೊದಲ ಎರಡು ದಿನ ಕಿರಿಕಿರಿ ಆಗುತ್ತದೆ ನಿಜ. ಸಂಜೆ ತಲೆ ಭಾರ ಕಡಿಮೆ, ಕಿವಿಯಲ್ಲಿ ಗುಂಯ್ ಇಲ್ಲ ಎನ್ನುವುದು ಗೊತ್ತಾದ ಮೇಲೆ ಯಾರಿಗೂ ಹೇಳಬೇಕಾಗುವುದಿಲ್ಲ.

ಮಷಿನ್ ಮಾರುವ ಅಂಗಡಿಯವರ ಪಾಲೂ ಇದೆ. ಮಷಿನ್ ಡೆಮೊ ಕೊಡುವಾಗ ತಾವೇ ಮಫ್ ಹಾಕಿಕೊಂಡು ತೋರಿಸಿದರೆ ಗಿರಾಕಿಗೆ ಅರ್ಧ ಪಾಠ ಆದಂತೆ. ಸ್ಪಂಜಿನ ಪ್ಲಗ್‌ಗಳ ಒಂದು ಡಬ್ಬಿ ಟೂಟಿ ಆಯಿಲ್ ಪಕ್ಕದಲ್ಲೇ, ಕೌಂಟರಿನ ಮೇಲೆ ಇರಲಿ. ಕೇಳಿದರೆ ಒಳಗಿನಿಂದ ತರುವ ವಸ್ತುವಾದರೆ ಯಾರೂ ಕೇಳುವುದಿಲ್ಲ. ಗಿರಣಿ, ಗ್ರಿಲ್ ಅಂಗಡಿ, ಅಡಿಕೆ ಸುಲಿಯುವ ಶೆಡ್ಡಿನವರು ತಮಗೂ ತಮ್ಮ ಹುಡುಗರಿಗೂ ಇದನ್ನೇ ಮಾಡಬಹುದು.

ಈಗಾಗಲೇ ಕಿವಿ ಮಂದವಾಗಿದ್ದರೆ?

ರಾತ್ರಿ ಕಿವಿಯಲ್ಲಿ ಸದ್ದು, ಟಿವಿ ಜೋರು ಮಾಡುವುದು, ಫೋನಿನಲ್ಲಿ ಒಂದು ಕಿವಿಗೆ ಮಾತ್ರ ಸರಿ ಕೇಳುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಂಡು ಆಡಿಯೋಮೆಟ್ರಿ ಎಂಬ ಪರೀಕ್ಷೆ ಮಾಡಿಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗ ಇದೆ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಮಷಿನ್ ಕೆಲಸ ಬೇಡ, ಇಲ್ಲದಿದ್ದರೆ ಕಿವಿ ಇರುವುದಕ್ಕಿಂತ ಮಂದ ಎಂದು ತೋರಿಸಬಹುದು. ಒಂದೇ ಕಿವಿ ಇದ್ದಕ್ಕಿದ್ದ ಹಾಗೆ ಕೇಳದಂತಾದರೆ ಕಾಯಬೇಡಿ, ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಹೋದದ್ದು ವಾಪಸ್ ಬರುವುದಿಲ್ಲ. ಆದರೆ ಸದ್ದಿನಿಂದ ಬರುವ ಕಿವುಡು, ಸದ್ದು ತಪ್ಪಿಸಿದರೆ ಅಲ್ಲಿಗೇ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ 'ಇನ್ನೇನು, ಆಗ್ಲೇ ಹಾಳಾಗಿದೆ' ಎನ್ನುವವರೂ ನಾಳೆಯಿಂದಲೇ ಹಾಕಿಕೊಳ್ಳಬಹುದು.

ಸಂಕ್ಷಿಪ್ತವಾಗಿ

- ಅಪರೂಪಕ್ಕೆ ಮನೆ ಅಂಗಳದ ಹುಲ್ಲು ಹೊಡೆಯುವವರು: ಚೆನ್ನಾಗಿ ಹಾಕಿದ ಸ್ಪಂಜಿನ ಪ್ಲಗ್ ಅಥವಾ ಒಂದು ಮಫ್.
- ಸೀಸನ್ನಿನಲ್ಲಿ ದಿನಾ ಮಷಿನ್ ಹಿಡಿಯುವವರು, ಚೈನ್ ಸಾ ಬಳಸುವವರು: ಪ್ಲಗ್ ಮತ್ತು ಮಫ್ ಎರಡೂ.
- ಹಾಡು ಬೇಕಾದವರು: ರಬ್ಬರ್ ತುದಿಯ ಸಣ್ಣ ಬಡ್, ಮೇಲೆ ಮಫ್, ಸದ್ದು ಮನೆಯಲ್ಲೇ ಹದ ಮಾಡಿದ್ದು.
- ಕೊಳ್ಳುವಾಗ: ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ನಂಬರ್, ಒಂದು ಮಾನದಂಡದ ಹೆಸರು.
- ಮಷಿನ್ ಬಂದ್ ಆಗುವವರೆಗೆ ತೆಗೆಯಬೇಡಿ.